ಅಲಾರಂ ಕೂಗಿದರೆ ಏಳುವವರು ಯಾರು?



ಸೋಯಾಬೀನ್ ಮಾರಿದ ಹಣ ಕೈಗೆ ಬರುವ ಹೊತ್ತಿಗೂ ತೊಗರಿ ಕಟಾವಿಗೆ ಮನೆಮಂದಿಯೆಲ್ಲ ಹೊಲ ಸೇರುವ ಹೊತ್ತಿಗೂ ಹೆಚ್ಚು ಅಂತರವಿಲ್ಲ. ಆ ದಿನಗಳಲ್ಲಿ ಊರಿನ ಅರ್ಧ ಮನೆಗಳಿಗೆ ಹಗಲೆಲ್ಲ ಬೀಗ. ಎಳ್ಳಮಾವಾಸ್ಯೆಯಂದು ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಊರಿಗೆ ಊರೇ ಚರಗ ಚೆಲ್ಲಲು ಹೊರಡುತ್ತದೆ. ಬೇಸಿಗೆಯಲ್ಲಿ ಸೆಕೆ ತಾಳದೆ ಮಾಳಿಗೆಯ ಮೇಲೆ ಮಲಗುತ್ತೇವೆ, ಕೆಳಗೆ ಮನೆ ಬರಿದಾಗಿರುತ್ತದೆ. ಇದೆಲ್ಲ ನಮಗೆ ಗೊತ್ತಿರುವಷ್ಟೇ ಕಳ್ಳನಿಗೂ ಗೊತ್ತು.

ಆದ್ದರಿಂದ ಮನೆಗೆ ಕಳ್ಳರ ಅಲಾರಂ ಹಾಕಿಸಬೇಕೆಂಬ ಯೋಚನೆ ಈಗ ಪೇಟೆಯವರಿಗಷ್ಟೇ ಉಳಿದಿಲ್ಲ. ಬೀದರ್ ನಗರದ ಬಡಾವಣೆಯವರಂತೆ ಭಾಲ್ಕಿ, ಔರಾದ್ ಕಡೆಯ ಹಳ್ಳಿಯವರೂ ಅಂಗಡಿಗೆ ಹೋಗಿ ಯಾವ ಅಲಾರಂ ಒಳ್ಳೆಯದೆಂದು ವಿಚಾರಿಸುತ್ತಾರೆ. ವಿಚಾರಿಸುವುದು ಸರಿ. ಆದರೆ ನಮ್ಮ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆ, ಅದು ಕೂಗಿದಾಗ ಏಳುವವರು ಯಾರು, ಎದ್ದವರು ಏನು ಮಾಡುತ್ತಾರೆ ಎಂಬುದು. ಇದಕ್ಕೆ ಉತ್ತರ ಗೊತ್ತುಮಾಡಿಕೊಳ್ಳದೆ ಎಷ್ಟು ಬೆಲೆಯ ಯಂತ್ರ ತಂದರೂ ಅದು ಗೋಡೆಗೆ ಹೊಡೆದ ಮೊಳೆಯಷ್ಟೇ.

ಅಲಾರಂ ಕಳ್ಳನನ್ನು ಹಿಡಿಯುವುದಿಲ್ಲ

ಬೀದರಿನ ಹಳೆ ಪೇಟೆಯ ನಡುವೆ ಚೌಬಾರಾ ಗೋಪುರವನ್ನು ನೋಡದವರಿಲ್ಲ. 71 ಅಡಿ ಎತ್ತರದ ಕಾವಲು ಗೋಪುರ ಅದು. ಗೋಪುರ ಶತ್ರುವಿನೊಡನೆ ಕಾದಾಡುವುದಿಲ್ಲ. ಮೇಲೆ ನಿಂತವನು ಕಂಡು ಕೂಗಬೇಕು, ಕೆಳಗಿದ್ದವರು ಕೇಳಿ ಏಳಬೇಕು. ಹಳ್ಳಿಯಲ್ಲಿ ತಳವಾರನ ಕೂಗಿನ ಕೆಲಸವೂ ಅಷ್ಟೇ ಆಗಿತ್ತು. ಇಂದಿನ ಅಲಾರಂ ಅದೇ ಕೂಗನ್ನು ತಂತಿಯ ಮೂಲಕ ಮಾಡುತ್ತದೆ, ಅದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ.

ವಿದ್ಯುತ್ತಿನಿಂದ ನಡೆಯುವ ಇಂಥ ಗಂಟೆಗೆ ಅಮೆರಿಕದಲ್ಲಿ ಅಗಸ್ಟಸ್ ಪೋಪ್ ಎಂಬಾತ ಪೇಟೆಂಟ್ ಪಡೆದದ್ದು 1853ರಲ್ಲಿ. ಆಗ ಮನೆಗಳಿಗೆ ಕರೆಂಟೇ ಇರಲಿಲ್ಲ, ಅವನ ಗಂಟೆ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಬಾಗಿಲು ತೆರೆದಾಗ ತಂತಿಯ ಸುತ್ತು ಬದಲಾಗಿ ಗಂಟೆ ಬಾರಿಸಬೇಕೆಂಬ ತತ್ತ್ವ ಇಂದಿಗೂ ಹಾಗೆಯೇ ಇದೆ. ನಮ್ಮಲ್ಲಿಯೂ ರಾತ್ರಿ ಕರೆಂಟ್ ಹೋಗುವುದುಂಟು. ಆದ್ದರಿಂದ ಬ್ಯಾಟರಿಯಿಲ್ಲದ ಅಲಾರಂ ಕೊಳ್ಳುವುದೇ ಬೇಡ.

ತಂತಿ ಕತ್ತರಿಸಿದರೆ ಏನು?

ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಏಕೆಂಬುದನ್ನು ದಾವಣಗೆರೆ ಜಿಲ್ಲೆಯ ನ್ಯಾಮತಿಯ ಪ್ರಕರಣ ತೋರಿಸಿಕೊಡುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ಕಳ್ಳರು ಕಿಟಕಿಯ ಸರಳು ತೆಗೆದು ನುಗ್ಗಿದರು. ಅಲಾರಂ ಮತ್ತು ಕ್ಯಾಮೆರಾದ ಸಂಪರ್ಕ ಕಡಿದರು. ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದು, ಜನ ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನ ಒಯ್ದರು. ಹೋಗುವಾಗ ಕ್ಯಾಮೆರಾದ ಚಿತ್ರ ಉಳಿಸುವ ಪೆಟ್ಟಿಗೆಯನ್ನೂ ಬಿಡಲಿಲ್ಲ. ಪೊಲೀಸರು ತಿಂಗಳುಗಟ್ಟಲೆ ಜಾಡು ಹಿಡಿದು, 2025ರ ಮಾರ್ಚ್‌ನಲ್ಲಿ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಿಂದ ಅದರ ಬಹುಪಾಲನ್ನು ಮೇಲೆತ್ತಿದರು. ಬ್ಯಾಂಕಿನ ಅಲಾರಮನ್ನೇ ಮೂಕ ಮಾಡಿದವರಿಗೆ ಮನೆಯ ಅಲಾರಂ ಯಾವ ಲೆಕ್ಕ ಎಂದು ಕೈಚೆಲ್ಲಬೇಕಿಲ್ಲ. ಇದರಿಂದ ಕಲಿಯಬೇಕಾದ ಪಾಠ ಮೂರು.

ಒಂದು, ಸೆನ್ಸರ್‌ನ ತಂತಿ ಮುಚ್ಚಿದ ಸುತ್ತಿನದಾಗಿರಬೇಕು. ಅಂದರೆ ಬಾಗಿಲು ಮುಚ್ಚಿರುವಷ್ಟು ಹೊತ್ತು ಅದರಲ್ಲಿ ಸಣ್ಣ ವಿದ್ಯುತ್ ಹರಿಯುತ್ತಿರಬೇಕು. ಬಾಗಿಲು ತೆರೆದರೂ ತಂತಿ ಕತ್ತರಿಸಿದರೂ ಹರಿವು ನಿಂತು ಸೈರನ್ ಕೂಗುತ್ತದೆ. ತೆರೆದ ಸುತ್ತಿನದಾದರೆ ತಂತಿ ಕತ್ತರಿಸಿದ ಕ್ಷಣದಿಂದ ಅದು ಸತ್ತಂತೆ. ಸುತ್ತಿನ ಕೊನೆಯ ಸೆನ್ಸರ್‌ನ ಬಳಿ ಒಂದು ಪುಟ್ಟ ರೆಸಿಸ್ಟರ್ ಹಾಕುವ ಪದ್ಧತಿಯಿದೆ. ಎರಡು ತಂತಿಗಳನ್ನು ಸುಲಿದು ಒಂದಕ್ಕೊಂದು ತಾಗಿಸಿ ಯಂತ್ರವನ್ನು ಮೋಸಗೊಳಿಸುವ ಉಪಾಯವನ್ನು ಇದು ತಡೆಯುತ್ತದೆ. ಕೆಲವು ಮಿಸ್ತ್ರಿಗಳು ಶ್ರಮ ಉಳಿಸಲು ಈ ರೆಸಿಸ್ಟರನ್ನು ಯಂತ್ರದ ಪೆಟ್ಟಿಗೆಯೊಳಗೇ ಕೂಡಿಸಿಬಿಡುತ್ತಾರೆ. ಆಗ ಅದು ಇದ್ದೂ ಇಲ್ಲದಂತೆ. ತಂತಿಯ ತುದಿಯಲ್ಲೇ ಕೂಡಿಸುವಂತೆ ಪಟ್ಟು ಹಿಡಿಯಿರಿ.

ಎರಡು, ಹೊರಗಿನ ಸೈರನ್‌ಗೆ ತನ್ನದೇ ಬ್ಯಾಟರಿ ಇರಬೇಕು. ತಂತಿ ಕಡಿದರೆ ತಾನಾಗಿ ಕೂಗುವ ಸೈರನ್‌ಗಳು ದೊರೆಯುತ್ತವೆ.

ಮೂರು, ಯಂತ್ರದ ಮುಖ್ಯ ಪೆಟ್ಟಿಗೆ ಮತ್ತು ಕ್ಯಾಮೆರಾದ ಪೆಟ್ಟಿಗೆ ಪಡಸಾಲೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿರಬಾರದು. ಒಳಕೋಣೆಯಲ್ಲಿ, ಸುಲಭಕ್ಕೆ ಕೈಗೆ ಸಿಗದ ಕಡೆ ಇರಬೇಕು.

ಮೊದಲು ಮನೆ ಸುತ್ತಿ ನೋಡಿ

ಮಿಸ್ತ್ರಿ ಬರುವ ಮೊದಲು ಹಗಲಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಮನೆಯ ಸುತ್ತ ನಡೆದು, ನೀವೇ ಕಳ್ಳನಾದರೆ ಎಲ್ಲಿಂದ ಒಳಹೊಗುವಿರಿ ಎಂದು ಯೋಚಿಸಿರಿ. ತಲೆಬಾಗಿಲನ್ನು ಎಲ್ಲರೂ ಭದ್ರಪಡಿಸುತ್ತಾರೆ. ಹಿತ್ತಿಲ ಬಾಗಿಲಿನ ಅಗಳಿ ಸಡಿಲವಾಗಿರುತ್ತದೆ. ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಮತ್ತು ಮೆಟ್ಟಿಲ ಬಾಗಿಲು ಮರೆತೇ ಹೋಗಿರುತ್ತವೆ. ಮಣ್ಣಿನ ಗೋಡೆಯ ಮನೆಯಾದರೆ ಕನ್ನ ಕೊರೆಯುವ ಹಳೆಯ ವಿದ್ಯೆ ಇನ್ನೂ ಸತ್ತಿಲ್ಲ. ಕನ್ನ ಕೊರೆದು ಬಂದವನಿಗೆ ಬಾಗಿಲ ಸೆನ್ಸರ್‌ನಿಂದ ತೊಂದರೆಯಿಲ್ಲ. ಆದ್ದರಿಂದ ತಿಜೋರಿ ಅಥವಾ ಟ್ರಂಕು ಇರುವ ಕೋಣೆಯೊಳಗೆ ಚಲನೆ ಗುರುತಿಸುವ ಸೆನ್ಸರ್ ಒಂದಾದರೂ ಬೇಕು.

ಅಗಳಿ, ಚಿಲಕ, ಬೀಗದ ಕೊಂಡಿಗಳನ್ನು ಮೊದಲು ಬಿಗಿ ಮಾಡಿಸಿ, ಆಮೇಲೆ ಅಲಾರಂ. ಕಳ್ಳ ಬಾಗಿಲು ಮುರಿಯಲು ತೆಗೆದುಕೊಳ್ಳುವ ಹೊತ್ತೇ ನೆರೆಯವರು ಏಳಲು ಸಿಗುವ ಹೊತ್ತು. ಒಂದೇ ಒದೆತಕ್ಕೆ ಬೀಳುವ ಕದಕ್ಕೆ ಅಲಾರಂ ಕಟ್ಟಿದರೆ ಅದು ಕೂಗಿ ಮುಗಿಯುವ ಮೊದಲೇ ಕಳ್ಳ ಊರ ದಾರಿ ದಾಟಿರುತ್ತಾನೆ.

ಸೆನ್ಸರ್ ಕೂಡಿಸುವ ಕ್ರಮ

ಬಾಗಿಲ ಸೆನ್ಸರ್‌ಗೆ ಎರಡು ತುಂಡು. ಅಯಸ್ಕಾಂತದ ತುಂಡನ್ನು ಕದಕ್ಕೆ, ತಂತಿಯಿರುವ ತುಂಡನ್ನು ಚೌಕಟ್ಟಿಗೆ ಕೂಡಿಸಬೇಕು. ಕದ ತಿರುಗುವ ಕೀಲಿನ ಬದಿಗಲ್ಲ, ತೆರೆಯುವ ಬದಿಗೆ ಕೂಡಿಸತಕ್ಕದ್ದು. ಕದ ಮುಚ್ಚಿದಾಗ ಎರಡರ ನಡುವೆ ಅರ್ಧ ಅಂಗುಲಕ್ಕಿಂತ ಹೆಚ್ಚು ಸಂದು ಇರಬಾರದು. ಅಂಟಿನ ಪಟ್ಟಿ ನಮ್ಮ ಬೇಸಿಗೆಗೆ ಬಿಟ್ಟುಬರುತ್ತದೆ, ಸ್ಕ್ರೂ ಹಾಕಿಸಿ. ಕಬ್ಬಿಣದ ಕದ ಅಥವಾ ಅಂಗಡಿ ಶಟರ್‌ಗೆ ಸಾಮಾನ್ಯ ಸೆನ್ಸರ್ ಸಾಲದು. ಕಬ್ಬಿಣ ಅಯಸ್ಕಾಂತದ ಬಲವನ್ನು ಸೆಳೆದುಕೊಳ್ಳುತ್ತದೆ. ಅದಕ್ಕೆಂದೇ ಮಾಡಿದ ಭಾರಿ ಸೆನ್ಸರ್ ಕೇಳಿ ಪಡೆಯಿರಿ.

ಚಲನೆಯ ಸೆನ್ಸರ್ ಮನುಷ್ಯನ ಮೈಯ ಶಾಖ ಸರಿದಾಡುವುದನ್ನು ಗುರುತಿಸುತ್ತದೆ. ಅದನ್ನು ಕೋಣೆಯ ಮೂಲೆಯಲ್ಲಿ 7ರಿಂದ 8 ಅಡಿ ಎತ್ತರಕ್ಕೆ ಕೂಡಿಸಬೇಕು. ಅದರತ್ತ ನೇರವಾಗಿ ನಡೆದು ಬರುವವನಿಗಿಂತ ಅಡ್ಡಲಾಗಿ ಹಾಯುವವನನ್ನು ಅದು ಬೇಗ ಗುರುತಿಸುತ್ತದೆ. ಆದ್ದರಿಂದ ಬಾಗಿಲಿಗೆ ಎದುರಾಗಿ ಅಲ್ಲ, ಪಕ್ಕಕ್ಕೆ ಇರಲಿ. ಬಿಸಿಲು ಬೀಳುವ ಕಿಟಕಿ, ಒಲೆ, ಗಾಳಿಗೆ ಅಲುಗುವ ಪರದೆ ಅದರ ದೃಷ್ಟಿಗೆ ಬೀಳದಂತೆ ನೋಡಿಕೊಳ್ಳಿ. ದನದ ಕೊಟ್ಟಿಗೆಯಲ್ಲಿ ಇದನ್ನು ಹಾಕಿಸಲೇಬೇಡಿ. ಎತ್ತು ಮಗ್ಗಲು ಬದಲಿಸಿದರೂ ಕೂಗುತ್ತದೆ. ದೇವಣಿ ಜೋಡಿ ಕಟ್ಟಿದವರು ಕೊಟ್ಟಿಗೆಯ ಬಾಗಿಲಿಗೆ ಅಯಸ್ಕಾಂತದ ಸೆನ್ಸರ್ ಹಾಕಿಸುವುದೇ ಲೇಸು.

ಇನ್ನೊಂದು ಮಾತನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಸೆನ್ಸರ್ ಕೋಣೆಯ ಶಾಖಕ್ಕೂ ಮೈಯ ಶಾಖಕ್ಕೂ ಇರುವ ವ್ಯತ್ಯಾಸದ ಮೇಲೆ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮನೆಯ ಒಳಗಿನ ಶಾಖ ಮೈಯ ಶಾಖಕ್ಕೆ ಸಮನಾದಾಗ ಅದರ ಕಣ್ಣು ಮಂಜಾಗುತ್ತದೆ. ನಾವು ಮಾಳಿಗೆಯ ಮೇಲೆ ಮಲಗುವುದೂ ಅದೇ ದಿನಗಳಲ್ಲಿ. ಶಾಖದ ಏರಿಳಿತಕ್ಕೆ ಹೊಂದಿಕೊಳ್ಳುವ ಸೆನ್ಸರ್‌ಗಳುಂಟು. ಅದು ಸಿಗದಿದ್ದರೆ ಬೇಸಿಗೆಯಲ್ಲಿ ಇದೊಂದನ್ನೇ ನಂಬದೆ ಬಾಗಿಲ ಸೆನ್ಸರನ್ನೂ ಜೊತೆಗೆ ಇಟ್ಟುಕೊಳ್ಳಿ.

ಸೈರನ್ ಸೂರಿನ ಕೆಳಗೆ, ಏಣಿಯಿಲ್ಲದೆ ಕೈಗೆಟುಕದ ಎತ್ತರದಲ್ಲಿ, ನೆರೆಮನೆಗಳ ಕಡೆಗೆ ಮುಖ ಮಾಡಿರಲಿ. 1 ಮೀಟರ್ ಅಂತರದಲ್ಲಿ 110 ಡೆಸಿಬೆಲ್ ಎಂದು ಬರೆದಿರುವ ಸೈರನ್ 100 ಮೀಟರ್ ದೂರದಲ್ಲಿ ಸುಮಾರು 70ಕ್ಕೆ ಇಳಿಯುತ್ತದೆ. ಅದು ಜೋರು ಮಾತಿನಷ್ಟು ಸದ್ದು. ನಡುವೆ ಗೋಡೆಗಳಿದ್ದರೆ ಇನ್ನೂ ಕಡಿಮೆ. ಓಣಿಯಲ್ಲಿ ಮನೆಯಿದ್ದವರಿಗೆ ಇದು ಸಾಕು. ಹೊಲದ ಮನೆಯಲ್ಲಿ ಇರುವವರಿಗೆ ಮೊಬೈಲ್‌ಗೆ ಕರೆ ಹೋಗುವ ಅಲಾರಮೇ ಬೇಕು.

ಇಷ್ಟೆಲ್ಲ ಬೇಡ, ಒಂದೇ ಬಾಗಿಲ ಸಣ್ಣ ಮನೆ ಎನ್ನುವವರಿಗೆ ಸೆಲ್ ಹಾಕಿ ನಡೆಸುವ, ಸೆನ್ಸರೂ ಸೈರನ್ನೂ ಒಂದರಲ್ಲೇ ಇರುವ ಬಾಗಿಲ ಅಲಾರಂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸದ್ದು ಸಣ್ಣದಾದರೂ ಒಳಗೆ ಮಲಗಿದವರನ್ನು ಎಬ್ಬಿಸಲು ಅದು ಸಾಕು. ಸಾಲ ಮಾಡಿ ದೊಡ್ಡದು ತರುವುದಕ್ಕಿಂತ ಇದೇ ಮೇಲು.

ಬ್ಯಾಟರಿ ಮತ್ತು ಸಿಮ್

ಸಾಮಾನ್ಯವಾಗಿ ಇಂಥ ಯಂತ್ರಗಳಲ್ಲಿ 12 ವೋಲ್ಟಿನ, 7 ಆಂಪೇರ್-ಗಂಟೆಯ ಮುಚ್ಚಿದ ಬ್ಯಾಟರಿ ಇರುತ್ತದೆ. ಯಂತ್ರ ಮತ್ತು ಸೆನ್ಸರ್‌ಗಳು ಸೇರಿ ಆಂಪೇರಿನ ಹತ್ತನೆಯ ಒಂದು ಭಾಗ ಎಳೆಯುತ್ತವೆಂದು ಹಿಡಿದರೆ ಲೆಕ್ಕಕ್ಕೆ 70 ಗಂಟೆ ನಡೆಯಬೇಕು. ಆದರೆ ಈ ಲೆಕ್ಕ ಹೊಸ ಬ್ಯಾಟರಿಯದು. ಇಂಥ ಬ್ಯಾಟರಿಯ ಆಯುಷ್ಯ 3ರಿಂದ 5 ವರ್ಷ, ಸೆಕೆಯ ಕೋಣೆಯಲ್ಲಿ ಇನ್ನೂ ಕಡಿಮೆ. ಸವೆದ ಬ್ಯಾಟರಿ ಒಂದು ರಾತ್ರಿಯನ್ನೂ ತಾಳದೆ ಹೋಗಬಹುದು. ತಂದ ದಿನಾಂಕವನ್ನು ಅದರ ಮೈಮೇಲೆಯೇ ಬರೆದಿಡಿ.

ಕರೆ ಮಾಡುವ ಅಲಾರಂಗೆ ಸಿಮ್ ಬೇಕು. ಹಳೆಯ ಮಾದರಿಯ ಅನೇಕ ಯಂತ್ರಗಳು 2ಜಿ ಜಾಲದಲ್ಲಿ ಮಾತ್ರ ನಡೆಯುತ್ತವೆ. ಜಿಯೋಗೆ 2ಜಿ ಇಲ್ಲದ ಕಾರಣ ಅದರ ಸಿಮ್ ಅಂಥ ಯಂತ್ರದಲ್ಲಿ ಕೆಲಸ ಮಾಡದು. 4ಜಿ ಯಂತ್ರವನ್ನೇ ಕೇಳಿ ಕೊಳ್ಳುವುದು ಉತ್ತಮ. ನಿಮ್ಮ ಮನೆಯ ಒಳಕೋಣೆಯಲ್ಲಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆಂದು ಮೊದಲೇ ಮೊಬೈಲಿನಲ್ಲಿ ನೋಡಿಕೊಳ್ಳಿ. ಸಿಮ್‌ಗೆ ಪಿನ್ ಸಂಖ್ಯೆಯ ಬೀಗ ಇದ್ದರೆ ತೆಗೆಸಿ. ಎಲ್ಲಕ್ಕಿಂತ ಮುಖ್ಯವಾಗಿ, ರೀಚಾರ್ಜ್ ಮುಗಿದ ದಿನವೇ ಆ ಅಲಾರಂ ಮೂಕವಾಗುತ್ತದೆ. ಆ ತಾರೀಖನ್ನು ಪಂಚಾಂಗದ ಪುಟದ ಮೇಲೆ ಗುರುತಿಸಿಡಿ. ವೈಫೈ ಮೇಲೆ ನಡೆಯುವ ಯಂತ್ರವಾದರೆ ರೌಟರ್ ಕೂಡ ಇನ್ವರ್ಟರ್ ಮೇಲೆ ಇರಬೇಕು.

ಅಲಾರಮಿನಲ್ಲಿ ಕೂಡಿಸುವ ಮೊದಲ ಸಂಖ್ಯೆ ಯಾರದು? ಹೆಚ್ಚಿನವರು ಹೈದರಾಬಾದಿನಲ್ಲೋ ಪುಣೆಯಲ್ಲೋ ದುಡಿಯುವ ಮಗನ ಸಂಖ್ಯೆ ಹಾಕಿಸುತ್ತಾರೆ. ಮಗ ಅಲ್ಲಿಂದ ಗಾಬರಿಯಾಗಬಲ್ಲನೇ ಹೊರತು ಬಾಗಿಲಿಗೆ ಬರಲಾರ. ಮೊದಲ ಎರಡು ಸಂಖ್ಯೆ ಗೋಡೆಗೆ ಗೋಡೆ ಹತ್ತಿದ ನೆರೆಯವರದು, ಮೂರನೆಯದು ಮಗನದು ಇರಲಿ.

ವಿನಾಕಾರಣ ಕೂಗಿದರೆ

ಕಾರಣವಿಲ್ಲದೆ ಕೂಗುವ ಅಲಾರಂ ಇಲ್ಲದ ಅಲಾರಂಗಿಂತ ಕೆಟ್ಟದ್ದು. ಮೊದಲ ದಿನ ಓಣಿಯೆಲ್ಲ ಏಳುತ್ತದೆ, ಮೂರನೆಯ ದಿನ ಬೈಯುತ್ತದೆ, ಹತ್ತನೆಯ ದಿನ ಮಗ್ಗಲು ಬದಲಿಸಿ ಮಲಗುತ್ತದೆ. ಹನ್ನೊಂದನೆಯ ದಿನ ನಿಜವಾದ ಕಳ್ಳ ಬಂದರೂ ಏಳುವವರಿಲ್ಲ. ಆದ್ದರಿಂದ ದೋಷ ಕಂಡ ಮರುದಿನವೇ ಕಾರಣ ಹುಡುಕಿರಿ.

ಯಾವ ಸೆನ್ಸರ್‌ನಿಂದ ಕೂಗಿತೆಂದು ಯಂತ್ರದ ಮುಖದ ಮೇಲಿನ ದೀಪ ಅಥವಾ ಅಂಕಿ ತೋರಿಸುತ್ತದೆ. ಆ ಒಂದನ್ನು ಮಾತ್ರ ತಪಾಸಣೆ ಮಾಡಿದರೆ ಸಾಕು. ಮಳೆಗಾಲದಲ್ಲಿ ಬಾಗಿಲ ಸೆನ್ಸರ್ ಕೂಗಿದರೆ ಕಟ್ಟಿಗೆಯ ಕದ ಉಬ್ಬಿ ಸರಿಯಾಗಿ ಕೂಡುತ್ತಿಲ್ಲ, ಸಂದು ಹೆಚ್ಚಾಗಿದೆ ಎಂದರ್ಥ. ಬೇಸಿಗೆಯಲ್ಲಿ ಕದ ಒಣಗಿ ಗಾಳಿಗೆ ಅಲುಗಿದರೂ ಅದೇ ಫಲ. ಕದವನ್ನು ಬಿಗಿ ಮಾಡಿಸಿ, ಅಯಸ್ಕಾಂತವನ್ನು ಹತ್ತಿರಕ್ಕೆ ಸರಿಸಿ.

ಚಲನೆಯ ಸೆನ್ಸರ್ ಕೂಗಿದರೆ ಅದರ ಗಾಜಿನ ಮೇಲೆ ಜೇಡನ ಬಲೆ, ಒಳಗೆ ಇರುವೆ, ಮೇಲೆ ಹಲ್ಲಿ, ಕೆಳಗೆ ಬೆಕ್ಕು ಅಥವಾ ಇಲಿ, ಇವುಗಳಲ್ಲಿ ಯಾವುದೋ ಒಂದು ಕಾರಣವಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ತಂತಿ ಒಳಹೋಗುವ ತೂತನ್ನು ಮುಚ್ಚಿರಿ. ಆದರೂ ನಿಲ್ಲದಿದ್ದರೆ ಅದರ ಸೂಕ್ಷ್ಮತೆಯನ್ನು ಒಂದು ಮೆಟ್ಟಿಲು ಇಳಿಸಿರಿ.

ಮನೆಯವರೇ ಒಳಬಂದಾಗ ಕೂಗುತ್ತಿದ್ದರೆ ಒಳಬರುವ ಅವಧಿ ಕಡಿಮೆಯಾಗಿದೆ. 30 ಸೆಕೆಂಡ್ ಇರಿಸಿರಿ. ಮುದುಕರಿರುವ ಮನೆಯಲ್ಲಿ ಇನ್ನಷ್ಟು ಹೆಚ್ಚು ಇದ್ದರೂ ಬಾಧಕವಿಲ್ಲ. ಸೈರನ್ 3ರಿಂದ 5 ನಿಮಿಷ ಕೂಗಿ ತಾನಾಗಿ ನಿಲ್ಲುವಂತೆ ಹೊಂದಿಸಿರಿ. ಮನೆಯಲ್ಲಿ ಯಾರೂ ಇಲ್ಲದಾಗ ಇಡೀ ರಾತ್ರಿ ಕೂಗಿದರೆ ನೆರೆಯವರೇ ತಂತಿ ಕಿತ್ತಾರು.

ಕರೆಂಟ್ ಬಂದ ಕೂಡಲೇ ಕೂಗುವುದು ಇನ್ನೊಂದು ದೂರು. ಬ್ಯಾಟರಿ ಸತ್ತಿದ್ದು, ಯಂತ್ರ ಕರೆಂಟಿನ ಜೊತೆಗೇ ಆರಿ ಹೊತ್ತುತ್ತಿರುವ ಲಕ್ಷಣವಿದು. ಗುಡುಗು ಸಿಡಿಲಿನ ದಿನ ಕೂಗಿದರೆ ಹೊರಗೆ ಎಳೆದ ಉದ್ದ ತಂತಿಗಳೇ ಕಾರಣವಾಗಿರಬಹುದು. ಸಿಡಿಲಿನ ಏರುಪೇರು ಅವುಗಳ ಮೂಲಕ ಒಳನುಗ್ಗಿ ಯಂತ್ರವನ್ನೇ ಸುಡಬಲ್ಲದು. ಹೊರಗಿನ ತಂತಿ ಸಾಧ್ಯವಾದಷ್ಟು ಗಿಡ್ಡದಿರಲಿ, ಪೈಪಿನೊಳಗೆ ಇರಲಿ, ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹೋಗದಿರಲಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಮೊದಲು ನೋಡಿಸಿರಿ. ಬೀದರ್ ಸುತ್ತಿನ ಜಂಬಿಟ್ಟಿಗೆಯ ಕೆಂಪು ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕುವುದು ಅವಶ್ಯ.

ಕೂಗಬೇಕಾದಾಗ ಕೂಗದಿದ್ದರೆ

ಈ ದೋಷವನ್ನು ಕಳವಾದ ಮೇಲೆ ಕಂಡುಹಿಡಿದು ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಪರೀಕ್ಷೆ ಮಾಡತಕ್ಕದ್ದು. ನೆನಪಿಗೆ ಸುಲಭವಾಗಲೆಂದು ಅಮಾವಾಸ್ಯೆಯ ಮುಂಜಾನೆಯನ್ನು ಗೊತ್ತುಮಾಡಿಕೊಳ್ಳಿ. ನೆರೆಯವರಿಗೆ ಮೊದಲೇ ತಿಳಿಸಿ, ಮೈನ್ಸ್ ಆರಿಸಿ, ಬ್ಯಾಟರಿಯ ಮೇಲೆಯೇ ಒಂದೊಂದು ಬಾಗಿಲು ತೆರೆದು ನೋಡಿರಿ. ಪ್ರತಿ ಕೋಣೆಯಲ್ಲೂ ನಡೆದಾಡಿರಿ. ಸೈರನ್ ಕೂಗಬೇಕು, ನೆರೆಯವರ ಮೊಬೈಲ್ ಬಾರಿಸಬೇಕು.

ಸೈರನ್ ಕೀರಲಾಗಿ ಕೂಗಿದರೆ ಬ್ಯಾಟರಿ ಸೊರಗಿದೆ. ಚಾರ್ಜ್ ಆದ ಬ್ಯಾಟರಿಯನ್ನು ಕಳಚಿ ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದರೆ 12.7 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದು ಮತ್ತೆ ಚಾರ್ಜ್ ಮಾಡಿದರೂ ಏಳದಿದ್ದರೆ, ಅಥವಾ ಹೊಟ್ಟೆ ಉಬ್ಬಿದ್ದರೆ ಬದಲಿಸಿರಿ. ಯಂತ್ರದಿಂದ ಬ್ಯಾಟರಿಗೆ ಬರುವ ಚಾರ್ಜ್ 13.5ರಿಂದ 13.8 ವೋಲ್ಟ್ ಇರಬೇಕು. ಅಷ್ಟು ಬರದಿದ್ದರೆ ದೋಷ ಬ್ಯಾಟರಿಯದಲ್ಲ, ಚಾರ್ಜರಿನದು. ಹಳೆಯ ಬ್ಯಾಟರಿಯಲ್ಲಿ ಸೀಸವಿರುತ್ತದೆ. ತಿಪ್ಪೆಗೆ ಎಸೆಯದೆ ಅಂಗಡಿಗೇ ಹಿಂದಿರುಗಿಸಿ. ತಂತಿಯಿಲ್ಲದ ಸೆನ್ಸರ್‌ಗಳ ಸೆಲ್ಲನ್ನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ.

ಯಂತ್ರದ ಗುಪ್ತ ಸಂಖ್ಯೆ ಕಾರ್ಖಾನೆಯಿಂದ ಬಂದಂತೆ 1234 ಎಂದೇ ಉಳಿದಿದ್ದರೆ ಇಂದೇ ಬದಲಿಸಿ. ಕೂಡಿಸಲು ಬಂದ ಮಿಸ್ತ್ರಿ ಹೋದ ಮೇಲೆ ಬದಲಿಸಬೇಕೆಂಬುದನ್ನು ಮರೆಯಬೇಡಿ.

ಬಾಗಿಲಿಗೆ ಕರೆಂಟ್ ಹರಿಸಬೇಡಿ

ಅಲಾರಂ ಖರ್ಚಿನ ಬಾಬತ್ತು, ಒಂದು ವೈರ್ ಎಳೆದು ಬೇಲಿಗೋ ಬಾಗಿಲ ಸರಳಿಗೋ ಕರೆಂಟ್ ಕೊಟ್ಟರೆ ಆಯಿತು ಎನ್ನುವವರಿದ್ದಾರೆ. ಇದಕ್ಕಿಂತ ಘೋರವಾದ ಅವಿವೇಕ ಇನ್ನೊಂದಿಲ್ಲ. ಆ ವೈರ್ ಕಳ್ಳನನ್ನು ಗುರುತಿಸುವುದಿಲ್ಲ. ನಸುಕಿನಲ್ಲಿ ಎದ್ದ ಮನೆಯ ಹೆಣ್ಣುಮಗಳು, ಚೆಂಡು ಹುಡುಕುತ್ತ ಬಂದ ನೆರೆಯ ಮಗು, ಹಗ್ಗ ಹರಿದುಕೊಂಡ ದನ, ಅದಕ್ಕೆ ಎಲ್ಲರೂ ಒಂದೇ. ನಿರ್ಲಕ್ಷ್ಯದಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ 5 ವರ್ಷದವರೆಗೆ ಸೆರೆವಾಸವಿದೆ. ಸಂದರ್ಭ ನೋಡಿ ಇನ್ನೂ ಗುರುತರವಾದ ಕಲಮೂ ಬೀಳಬಹುದು. ಸತ್ತವನು ಕಳ್ಳನೇ ಆಗಿದ್ದರೂ ಕಾನೂನು ಮನ್ನಿಸುವುದಿಲ್ಲ.

ಎದ್ದವರು ಮಾಡಬೇಕಾದದ್ದು

ಈಗ ಮೊದಲ ಪ್ರಶ್ನೆಗೆ ಬರೋಣ. ಎಬ್ಬಿಸುವ ಕೂಗು ಸುಳ್ಳಾದರೆ, ಎದ್ದವರು ವಿವೇಕ ಕಳೆದುಕೊಂಡರೆ ಏನಾಗುತ್ತದೆಂದು ನಮ್ಮ ಜಿಲ್ಲೆಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 2018ರ ಜುಲೈ 13ರಂದು, ಆಗ ಔರಾದ್ ತಾಲ್ಲೂಕಿನಲ್ಲಿದ್ದ ಮುರ್ಕಿ ಗ್ರಾಮದಲ್ಲಿ ನಡೆದದ್ದನ್ನು ನೆನೆಯಿರಿ. ಕಾರಿನಲ್ಲಿ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾಟ್ಸಪ್ಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ದಾರಿಗೆ ಅಡ್ಡಹಾಕಿ ಜನ ಮುಗಿಬಿದ್ದರು. ಹೈದರಾಬಾದಿನ ಒಬ್ಬ ಯುವಕ ಪ್ರಾಣ ಬಿಟ್ಟ, ಜೊತೆಗಿದ್ದವರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅನೇಕರು ಸೆರೆಮನೆ ಕಂಡರು. ಅಲ್ಲಿ ಕಳ್ಳರೇ ಇರಲಿಲ್ಲ, ಇದ್ದದ್ದು ಸುಳ್ಳು ಅಲಾರಂ ಮಾತ್ರ.

ಆದ್ದರಿಂದ ನಮ್ಮ ಖಚಿತ ಅಭಿಪ್ರಾಯವಿದು: ಊರಿಗೆ ಅಲಾರಂ ತರುವುದಾದರೆ ಜೊತೆಗೆ ಕಟ್ಟುಪಾಡನ್ನೂ ತರಬೇಕು. ಓಣಿಯ ಐದಾರು ಮನೆಯವರು ಒಮ್ಮೆ ಕೂಡಿ ಮಾತಾಡಿಕೊಳ್ಳಿ. ಸೈರನ್ ಕೂಗಿದರೆ ಎಲ್ಲರೂ ಮೊದಲು ಹೊರದೀಪ ಹಾಕಬೇಕು. ಒಬ್ಬರು ತಕ್ಷಣ 112ಕ್ಕೆ ಕರೆ ಮಾಡಿ ಊರು, ಓಣಿ, ಗುರುತು ಹೇಳಬೇಕು. ಒಬ್ಬಂಟಿಯಾಗಿ ಯಾರೂ ಆ ಮನೆಯೊಳಗೆ ಕಾಲಿಡಬಾರದು. ಮೂರು ನಾಲ್ಕು ಜನ ಕೂಡಿ, ದೂರದಿಂದಲೇ ಮನೆಯವರ ಹೆಸರು ಹಿಡಿದು ಕೂಗಬೇಕು. ಓಡುವವನಿಗೆ ದಾರಿ ಬಿಡಿ, ಮೂಲೆಗೆ ಒತ್ತಿದವನು ಆಯುಧ ಎತ್ತುತ್ತಾನೆ. 2025ರ ಜನವರಿ 16ರಂದು ಬೀದರ್ ನಗರದ ನಡುವೆ ಹಾಡಹಗಲೇ ಎಟಿಎಂಗೆ ಹಣ ಒಯ್ಯುವವರ ಮೇಲೆ ಗುಂಡು ಹಾರಿಸಿ ಜೀವ ತೆಗೆದವರನ್ನು ನಾವು ಕಂಡಿದ್ದೇವೆ. ಚಿನ್ನ ಮತ್ತೆ ಕೊಳ್ಳಬಹುದು, ಜೀವ ಕೊಳ್ಳಲಾಗದು. ವಾಹನದ ಸಂಖ್ಯೆ, ಬಣ್ಣ, ಹೋದ ದಿಕ್ಕು ನೆನಪಿಡಿ. ಸಿಕ್ಕಿಬಿದ್ದವನಿದ್ದರೆ ಕೂಡಿಸಿ ಕಾಯಿರಿ, ಕೈ ಮಾಡಬೇಡಿ. ವಾಟ್ಸಪ್ಪಿಗೆ ಅವನ ಚಿತ್ರ ಹಾಕಬೇಡಿ.

ಕಳವು ನಡೆದುಹೋಗಿದ್ದರೆ ಪೊಲೀಸರು ಬರುವವರೆಗೆ ಪೆಟ್ಟಿಗೆ, ಕದ, ಕಪಾಟುಗಳನ್ನು ಮುಟ್ಟಬಾರದು, ಬೆರಳ ಗುರುತು ಅಳಿಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ. ಒಡವೆಗಳ ತೂಕ, ರಸೀದಿ, ಚಿತ್ರ ಮೊದಲೇ ತೆಗೆದಿಟ್ಟಿದ್ದರೆ ಸಿಕ್ಕ ಮಾಲು ನಿಮ್ಮದೆಂದು ತೋರಿಸಲು ಅನುಕೂಲ.

ಮನೆಯಲ್ಲಿ ಒಯ್ಯುವಂಥದ್ದೇ ಕಡಿಮೆಯಿರುವುದು ಎಲ್ಲಕ್ಕಿಂತ ಒಳ್ಳೆಯ ಕಾವಲು. ಪೀಕು ಮಾರಿದ ಹಣ ಖಾತೆಯಲ್ಲಿರಲಿ, ಹಬ್ಬಕ್ಕೆ ಬೇಡದ ಒಡವೆ ಲಾಕರಿನಲ್ಲಿರಲಿ. ಬ್ಯಾಂಕಿನಲ್ಲೂ ಕಳವಾಗುವುದಲ್ಲ ಎನ್ನಬಹುದು. ಆದರೆ 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಳವು, ದರೋಡೆಯಿಂದ ಲಾಕರಿನ ವಸ್ತು ಹೋದರೆ ವರ್ಷದ ಬಾಡಿಗೆಯ 100 ಪಟ್ಟು ಬ್ಯಾಂಕಿನ ಹೊಣೆ. ಟ್ರಂಕಿನಿಂದ ಹೋದದ್ದಕ್ಕೆ ಅಷ್ಟು ಹೊಣೆ ಹೊರುವವರೂ ಇಲ್ಲ.

ಕೂಡಿ ಮಾಡಿದರೆ ಅಗ್ಗ, ಕೂಡಿ ಮಾಡಿದರೆ ಭದ್ರ

ಅಲಾರಮನ್ನು ಒಬ್ಬೊಬ್ಬರೇ ಕೊಂಡಾಗ ಅಂಗಡಿಯವನು ಕೂಡಿಸಿ ಹೋಗುತ್ತಾನೆ. ದೋಷ ಬಂದಾಗ ಅವನನ್ನು ಹುಡುಕಿ ಭಾಲ್ಕಿಗೋ ಬೀದರಿಗೋ ಅಲೆಯಬೇಕು. ಹತ್ತು ಮನೆಯವರು ಕೂಡಿ ಒಂದೇ ಮಾದರಿಯದನ್ನು ಕೊಂಡರೆ ದರ ಇಳಿಸಿ ಕೇಳಬಹುದು. ಊರಿನ ಐಟಿಐ ಕಲಿತ ಹುಡುಗನೊಬ್ಬ ಕೂಡಿಸುವಾಗಲೇ ಜೊತೆ ನಿಂತು ಕಲಿತರೆ ಮುಂದಿನ ದುರಸ್ತಿ ಊರಲ್ಲೇ ಆಗುತ್ತದೆ. ಒಂದು ಮೀಟರ್, ಎರಡು ಹೆಚ್ಚುವರಿ ಬ್ಯಾಟರಿ, ನಾಲ್ಕು ಬಾಗಿಲ ಸೆನ್ಸರ್ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಇಟ್ಟುಕೊಂಡರೆ ಸಾಕು. ಮಹಿಳಾ ಸ್ವಸಹಾಯ ಸಂಘಗಳಿಗೆ ಹೆಸರಾದ ಜಿಲ್ಲೆ ನಮ್ಮದು. ಹಗಲಿನಲ್ಲಿ ಊರಲ್ಲಿರುವವರು ಹೆಚ್ಚಾಗಿ ಅವರೇ. ಓಣಿಯ ಕರೆಪಟ್ಟಿ ಅವರ ಸಂಘದಲ್ಲೇ ತಯಾರಾದರೆ ಅದಕ್ಕಿಂತ ಗಟ್ಟಿಯಾದ ಕಾವಲು ಬೇರೆ ಇಲ್ಲ. ಎಳ್ಳಮಾವಾಸ್ಯೆಯಂಥ ದಿನಗಳಲ್ಲಿ ಓಣಿಗೆ ಇಬ್ಬರಂತೆ ಸರದಿಯ ಮೇಲೆ ಊರಲ್ಲಿ ಉಳಿಯಿರಿ. ಚರಗದ ಬುತ್ತಿ ಅವರಿಗೂ ತಲುಪಲಿ.

ಇದನ್ನು ವಾಚನಾಲಯದಲ್ಲಿ ಓದಿದವರು ಮನೆಗೆ ಹೋಗುವ ದಾರಿಯಲ್ಲಿ ಒಂದು ಕೆಲಸ ಮಾಡಿರಿ. ಎಡಮನೆ, ಬಲಮನೆ, ಎದುರುಮನೆಯವರ ಮೊಬೈಲ್ ಸಂಖ್ಯೆ ನಿಮ್ಮಲ್ಲಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಇವತ್ತೇ ಬರೆದುಕೊಳ್ಳಿ, ನಿಮ್ಮದನ್ನೂ ಕೊಡಿ. ಅಲಾರಂ ಕೊಳ್ಳುವುದು ನಾಳೆಯಾದರೂ ಆದೀತು.